ಬೂದಿಯ ಮರಿಗೆ ನಲ್ಲೋಡಿನ ರಕ್ತ

ಹೋದ ತಿಂಗಳು ಚಳ್ಳಕೆರೆಯಲ್ಲಿ ಕಂಬಳಿ ಕೊಳ್ಳಲು ಹೋಗಿದ್ದೆ. ನೇಯ್ಗೆ ಎಷ್ಟು ಬಿಗಿಯಾಗಿದೆ ಎಂದು ತೋರಿಸುವುದಕ್ಕೆ ವ್ಯಾಪಾರಿ ಹೊಸ ಕಂಬಳಿಯ ಮೇಲೆ ಒಂದು ಲೋಟ ನೀರು ಸುರಿದ. ನೀರು ಒಳಗಿಳಿಯದೆ ಮೇಲೆಯೇ ಗೋಲಿಯ ಹಾಗೆ ಉರುಳಾಡಿತು. ಅಂಚು ಮಾತ್ರ ಒಂದಿಷ್ಟು ನೆನೆದು, ಹಸಿ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನೂಲಿಗೆ ಹಚ್ಚುವ ಹುಣಸೆ ಬೀಜದ ಗಂಜಿ, ಕುರಿಯ ಮೈ, ಹೊಗೆ, ಎಲ್ಲ ಸೇರಿದ ವಾಸನೆ. ನಾನು ಬಗ್ಗಿ ಇನ್ನೊಮ್ಮೆ ಮೂಸಿದೆ.

"ಏನಕ್ಕಾ, ತಗೊಂತೀಯೋ, ಮೂಸಿಕೊಂಡೇ ಹೋಗ್ತೀಯೋ?" ಎಂದ ವ್ಯಾಪಾರಿ.

ಅವನಿಗೆ ಹೇಗೆ ಹೇಳಲಿ? ನಾನಾಗಲೇ ಅವನ ಅಂಗಡಿಯಲ್ಲಿ ಇರಲಿಲ್ಲ. ರಾಂಪುರದ ಆಚೆ, ಪಾಪಮ್ಮತ್ತೆಯ ಅಂಗಳದಲ್ಲಿ ನಿಂತಿದ್ದೆ.

ಪಾಪಮ್ಮತ್ತೆ ನನ್ನ ಅಪ್ಪನ ಅಕ್ಕ. ನನಗೆ ಮಾತು ಕಲಿಸಿದವಳು ಅವಳೇ ಎಂದರೂ ಸರಿ. ಕೆಲವು ವರ್ಷಗಳ ಹಿಂದೆ, ನಾನು ಕೆಲಸ ಮಾಡುತ್ತಿದ್ದ ಎಣ್ಣೆ ಗಿರಣಿಯನ್ನು ರಿಪೇರಿಗೆಂದು ಮುಚ್ಚಿದ್ದರು. ಮನೆಯಲ್ಲಿ ಕೂತು ಗೋಡೆ ನೋಡುತ್ತಿದ್ದವಳಿಗೆ ಅತ್ತೆಯ ಫೋನು ಬಂತು. "ಶೇಂಗಾ ಕೀಳಾಕೆ ಆಳು ಸಿಗ್ತಿಲ್ಲ ಕಣವ್ವ. ನಿನ್ನ ಸ್ಕೂಟರ್ ತಗಂಡು ಬಂದ್ಬಿಡು. ಉಣ್ಣಾಕೆ ಇಕ್ತೀನಿ, ಬೈಯಾಕೂ ಬೈತೀನಿ, ಎರಡೂ ಪುಕ್ಕಟೆ." ತಳಕು ದಾಟಿ ಬಳ್ಳಾರಿ ರಸ್ತೆಯಲ್ಲಿ ಹೊರಟೆ. ಎದುರುಗಾಳಿ ಹೇಗಿತ್ತೆಂದರೆ, ಸ್ಕೂಟರ್ ಮುಂದೆ ಹೋಗುತ್ತಿದೆಯೋ ನಿಂತಲ್ಲೇ ಕುಣಿಯುತ್ತಿದೆಯೋ ತಿಳಿಯುತ್ತಿರಲಿಲ್ಲ. ಮಳೆ ಒಂದು ಹದಕ್ಕೆ ಬಂದು ನಿಂತಿತ್ತು. ಕೆಂಪು ನೆಲ ಇನ್ನೂ ಮೆತ್ತಗಿದ್ದು, ಬಳ್ಳಿ ಹಿಡಿದು ಎಳೆದರೆ ಗೊಂಚಲು ಗೊಂಚಲು ಕಾಯಿ ಮೇಲೆ ಬರುತ್ತಿತ್ತು.

ನಾನು ಹೋದ ವಾರದಲ್ಲೇ ಬೂದಿ ಮರಿ ಹಾಕಿತು. ಬೂದಿ, ಅತ್ತೆಯ ಗಂಡ ಬೋರಯ್ಯ ಮಾವನ ಕುರಿ ಕಾಯುವ ನಾಯಿ. ಹೆಸರಿಗೆ ತಕ್ಕ ಬಣ್ಣ. ಒಂದು ಕಿವಿ ಅರ್ಧಕ್ಕೇ ಮುಗಿದಿತ್ತು. ಮಿಕ್ಕರ್ಧ ಗುಡ್ಡದ ತೋಳದ ಹೊಟ್ಟೆಯಲ್ಲಿದೆ ಎಂದು ಬೋರಯ್ಯ ಮಾವ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. ಅದಕ್ಕೆ ವಯಸ್ಸಾಗಿತ್ತು. ಇನ್ನೊಂದು ಸಲ ಮರಿ ಹಾಕುವುದು ಅನುಮಾನ. ಬೂದಿಯ ಜಾಗದಲ್ಲಿ ರೊಪ್ಪದ ಬಾಗಿಲಿಗೆ ಮಲಗುವವರು ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ ಆ ನಾಲ್ಕು ಮರಿಗಳು ಬಂದಿದ್ದವು. ಕುರಿ ರೊಪ್ಪ ಎಂದರೆ ಮುಳ್ಳುಬೇಲಿ ಕಟ್ಟಿದ ಕುರಿದೊಡ್ಡಿ. ಬಾಗಿಲಲ್ಲಿ ನಾಯಿ ಇಲ್ಲದ ರೊಪ್ಪದಲ್ಲಿ ಕುರಿಗಾಹಿ ಕಣ್ಣು ಮುಚ್ಚುವುದಿಲ್ಲ.

ಅತ್ತೆ ಬೂದಿಗೆ ಬಾಣಂತನ ಶುರು ಮಾಡಿದಳು. ನಾನು ನಕ್ಕರೆ, "ನಗ್ತೀಯಾ? ಹೆತ್ತೋಳು ಹೆತ್ತೋಳೇ. ಎರಡು ಕಾಲಾದ್ರೇನು, ನಾಕು ಕಾಲಾದ್ರೇನು?" ಎಂದು ಬೆಳ್ಳುಳ್ಳಿ ಹಾಕಿದ ನವಣೆ ಗಂಜಿ ಕಾಯಿಸಿ ತಟ್ಟೆಗೆ ಬಗ್ಗಿಸಿದಳು. ಆಮೇಲೆ ಅಟ್ಟದಿಂದ ತನ್ನ ಹೆರಿಗೆ ಕಂಬಳಿಯನ್ನು ಇಳಿಸಿದಳು. ಅದು ಅವಳ ಅವ್ವ ಕೊಟ್ಟದ್ದು. ಅತ್ತೆ ತನ್ನ ಮಕ್ಕಳನ್ನೆಲ್ಲ ಹೆತ್ತದ್ದು ಅದರ ಮೇಲೆ, ಅವಳ ಮಗಳು ಮೊದಲನೆಯ ಕೂಸನ್ನು ಮಲಗಿಸಿಕೊಂಡದ್ದೂ ಅದರ ಮೇಲೆ. ಚಳಿಗಾಲದಲ್ಲಿ ಈದ ಕುರಿಗೂ ಅದನ್ನೇ ಹೊದಿಸಿದ್ದುಂಟು. ಒಮ್ಮೆಯೂ ಒಗೆದಿರಲಿಲ್ಲ.

"ಕಂಬಳಿಗೆ ಮೈಲಿಗೆ ಇಲ್ಲ" ಎನ್ನುವುದು ನಮ್ಮ ಕಡೆ ಕೂಸಿಗೂ ಗೊತ್ತಿರುವ ಮಾತು. ಬಟ್ಟೆಗೆ ಮೈಲಿಗೆ, ಪಾತ್ರೆಗೆ ಮೈಲಿಗೆ, ಮನುಷ್ಯನಿಗೂ ಮೈಲಿಗೆ. ಕಂಬಳಿಗೆ ಇಲ್ಲ. ಮೈಲಿಗೆಯೇ ಇಲ್ಲದ್ದನ್ನು ಒಗೆಯುವುದೇಕೆ? ಒಗೆದರೆ ಅದರ ಸತ್ವ ಹೋಗುತ್ತದೆ ಎಂಬುದು ಅತ್ತೆಯ ನಂಬಿಕೆ. ಬಾಣಂತಿ ಎದ್ದು ಓಡಾಡುವವರೆಗೆ ಅದನ್ನು ಕೊಡವಲೂಬಾರದು. ಬೂದಿ ಆ ಕಂಬಳಿಯ ಮೇಲೆ ಮೂರು ಸುತ್ತು ಹಾಕಿ ಮಲಗಿ, ಮರಿಗಳನ್ನು ಹೊಟ್ಟೆಗೆ ಒತ್ತಿಕೊಂಡು, ಅತ್ತೆಯ ಕೈ ನೆಕ್ಕಿತು.

ಮರಿಗಳು ಕಣ್ಣು ಬಿಟ್ಟಾಗ ಮಾವ ಒಂದೊಂದನ್ನೇ ಎತ್ತಿಕೊಂಡು ಹೋಗಿ ಈದ ಕುರಿಯ ಕೆಚ್ಚಲಿಗೆ ಬಾಯಿ ಹಚ್ಚಿಸಿದರು. ಕುರಿ ಹಾಲು ಕುಡಿದ ನಾಯಿ ಕುರಿಗೆ ಹಲ್ಲು ಹಾಕುವುದಿಲ್ಲ, ತನ್ನದೇ ಬಳಗ ಎಂದು ಕಾಯುತ್ತದೆ. ಮೂರು ಮರಿ ಚಪ್ಪರಿಸಿದವು. ನಾಲ್ಕನೆಯದು, ನೊಸಲಿನಲ್ಲಿ ಬಿಳಿ ಚುಕ್ಕೆಯಿದ್ದ ಹೆಣ್ಣು, ಕೆಚ್ಚಲಿಗೆ ಮೂತಿ ಇಟ್ಟುಕೊಂಡು ಹಾಗೇ ನಿದ್ದೆಹೋಯಿತು. "ಸೋಮಾರಿ ಸಿಕ್ಕಳು ನೋಡು" ಎಂದು ಮಾವ ನಕ್ಕರು. ಅದು ಸೋಮಾರಿತನವಲ್ಲ ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ.

ಆ ವಾರವೇ ಒಂದು ಮರಿ ಸತ್ತಿತು. ಮುಂಜಾನೆ ನೋಡುವಾಗ ಬೂದಿ ಅದನ್ನು ಮೂಗಿನಿಂದ ತಳ್ಳಿ ತಳ್ಳಿ ಎಬ್ಬಿಸಲು ನೋಡುತ್ತಿತ್ತು. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಎರಡು ದಿನಕ್ಕೆ ಇನ್ನೊಂದು ಹೋಯಿತು. ಬೇಲಿಯಾಚೆಯ ರೊಪ್ಪದ ಓಬಳಪ್ಪ ಬಂದು ಕುಕ್ಕರಗಾಲಲ್ಲಿ ಕೂತ. ಮನೆಮಾತು ತೆಲುಗು, ಕನ್ನಡದಲ್ಲಿ ಬೈಗುಳವೇ ಮೊದಲು ಕಲಿತವನು.

"ಏಮಕ್ಕಾ, ಹಾಲು ಸಾಲದಾ ನಿಮ್ಮ ಬಾಣಂತಿಗೆ?"

"ಹಾಲು ಸುರೀತೈತೆ. ನಿನ್ನ ಕಣ್ಣೇ ಬಿದ್ದಿರೋದು."

"ನನ್ನ ಕಣ್ಣು ನನ್ನ ನಲ್ಲೋಡಿನ ಮ್ಯಾಲೆ ಬಿದ್ದು ಅವನೇ ಇಷ್ಟು ದಪ್ಪ ಆಗವ್ನೆ. ನನ್ನ ಕಣ್ಣು ಒಳ್ಳೇದು."

ನಲ್ಲೋಡು ಎಂದರೆ ತೆಲುಗಿನಲ್ಲಿ ಕರಿಯ. ಓಬಳಪ್ಪನ ನಾಯಿ. ಕರುವಿನಂಥ ದೇಹ, ಕಂಚಿನ ಗಂಟಲು. ಬೂದಿಗೂ ಅದಕ್ಕೂ ಮೊದಲಿಂದ ಆಗುತ್ತಿರಲಿಲ್ಲ. ಬೇಲಿಯ ಎರಡು ಕಡೆ ನಿಂತು ಒಂದನ್ನೊಂದು ಬೈದುಕೊಳ್ಳುವುದೇ ಅವುಗಳ ಸಂಬಂಧ.

ಮಾವ ಒಳಗಿನಿಂದ ಕುರಿಯ ಮೈಗೆ ಕಚ್ಚಿಕೊಳ್ಳುವ ಉಣ್ಣೆ ಹುಳಕ್ಕೆ ಹಚ್ಚುವ ಔಷಧದ ಬಾಟಲಿ ತಂದರು. ಮರಿಗಳು ಮೈ ಕೆರೆದುಕೊಳ್ಳುವುದನ್ನು ಅವರು ನೋಡಿದ್ದರು. ಮುಚ್ಚಳ ತೆಗೆದದ್ದೂ ಆಗಿತ್ತು. ನನಗೆ ಏಕೋ ಆ ವಾಸನೆಗೇ ಹೆದರಿಕೆಯಾಯಿತು. "ಒಂದು ಸಲ ಡಾಕ್ಟ್ರಿಗೆ ತೋರಿಸ್ಕೊಂಡು ಬರ್ತೀನಿ ತಡೀರಿ ಮಾವ" ಎಂದೆ. ಉಳಿದಿದ್ದ ಎರಡು ಮರಿಗಳನ್ನು ಈರುಳ್ಳಿ ಬುಟ್ಟಿಯಲ್ಲಿ ಟವೆಲ್ ಹಾಸಿ ಮಲಗಿಸಿದೆವು. ಅತ್ತೆ ಸ್ಕೂಟರಿನ ಹಿಂದೆ ಕೂತು ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ದಾರಿಯುದ್ದಕ್ಕೂ ಅದಕ್ಕೆ ಸೆರಗು ಮುಚ್ಚಿಕೊಂಡೇ ಬಂದಳು.

ಪಶು ಆಸ್ಪತ್ರೆಯ ಡಾಕ್ಟರು ಇನ್ನೂ ಹರೆಯದವರು. ಮಾತು ಕಡಿಮೆ. ಬುಟ್ಟಿಯೊಳಗೆ ಕೈ ಹಾಕಿ ಚುಕ್ಕೆ ಮರಿಯನ್ನು ಅಂಗೈ ಮೇಲೆ ಎತ್ತಿ, ಹೆಬ್ಬೆರಳಿನಿಂದ ಅದರ ಮೇಲ್ದುಟಿ ಸರಿಸಿದರು.

"ನೋಡ್ರಿ ಅಮ್ಮಾ, ಒಸಡು."

ನೋಡಿದೆವು. ಅಲ್ಲಿ ಬಣ್ಣವೇ ಇರಲಿಲ್ಲ. ಸುಣ್ಣ ಬಳಿದ ಗೋಡೆಯ ಹಾಗಿತ್ತು. ನಾಲಗೆಯೂ ಹಾಗೇ. ನಾನು ಬೂದಿಯ ಮರಿಗಳನ್ನು ಎಷ್ಟು ಸಲ ಎತ್ತಿ ಮುದ್ದಾಡಿದ್ದೆ. ತುಟಿ ಎತ್ತಿ ನೋಡಬೇಕೆಂದು ಯಾರಿಗೆ ಗೊತ್ತು?

"ರಕ್ತ ಇಲ್ಲ ಇದಕ್ಕೆ. ಇಷ್ಟು ಸಣ್ಣ ಮೈಯಲ್ಲಿ ಇರೋದೇ ಬೊಗಸೆಯಷ್ಟು. ಅದನ್ನ ಯಾರೋ ಕುಡೀತಿದಾರೆ" ಎಂದರು ಡಾಕ್ಟರು. ಯಾರೋ ಎಂದರೆ ಹೊಟ್ಟೆಯೊಳಗಿನ ಕೊಕ್ಕೆಹುಳ ಇರಬಹುದು, ಅದು ತಾಯಿಯ ಹಾಲಿನಲ್ಲೇ ಮರಿಗೆ ಇಳಿದು ಬರುತ್ತದೆ. ಉಣ್ಣೆ ಹುಳ ಇರಬಹುದು, ಅದು ಕುಡಿಯುವುದಲ್ಲದೆ ರಕ್ತ ಒಡೆಯುವ ಜ್ವರವನ್ನೂ ತರುತ್ತದೆ. ಚಿಗಟ ಇರಬಹುದು. ಅವರು ಹೇಳುತ್ತ ಹೇಳುತ್ತ ಮರಿಯ ಬೆನ್ನಿಗೆ ಸಣ್ಣ ಹಲ್ಲಿನ ಬಾಚಣಿಗೆ ಎಳೆದರು. ಮಣ್ಣಿನ ಕಣದಂಥ ಕಪ್ಪು ಪುಡಿ ಉದುರಿತು. ಅದನ್ನು ಒದ್ದೆ ಹತ್ತಿಯ ಮೇಲೆ ಹಾಕಿ ನಮ್ಮ ಮುಂದೆ ಹಿಡಿದರು.

"ಇದೇನು ಮಣ್ಣಾ?" ಎಂದಳು ಅತ್ತೆ.

"ನೋಡ್ತಾ ಇರ್ರಿ."

ಕಪ್ಪು ಕಣಗಳು ಕರಗತೊಡಗಿದವು. ಒಂದೊಂದು ಕಣದ ಸುತ್ತಲೂ ಕೆಂಪು ಹರಡಿತು. ಬಿಳಿ ಹತ್ತಿಯ ಮೇಲೆ ಕುಂಕುಮ ಚೆಲ್ಲಿದ ಹಾಗಾಯಿತು.

"ಚಿಗಟ ಕುಡಿದು ಹೊರಗೆ ಹಾಕಿದ್ದು. ನಿಮ್ಮ ಮರಿಯ ರಕ್ತವೇ ಇದು."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಉಗುರಿನಲ್ಲಿ ಹೊಸಕಿದರೆ ಕಾಣದಷ್ಟು ಸಣ್ಣ ಹುಳ, ಒಂದು ಜೀವವನ್ನು ಗುಟುಕು ಗುಟುಕಾಗಿ ಹೀಗೆ ಖಾಲಿ ಮಾಡಬಲ್ಲದೇ?

ಮಾವನ ಔಷಧದ ಬಾಟಲಿಯ ಮಾತು ತೆಗೆದೆ. ಡಾಕ್ಟರು ಬೆಚ್ಚಿಬಿದ್ದು, "ಹಚ್ಚಿಲ್ಲ ತಾನೆ? ಈ ವಯಸ್ಸಿಗೆ ಅದು ವಿಷ" ಎಂದರು. ಚಿಗಟದ ಮದ್ದೂ ಬೇಡ, ಮೈಸೋಪಿನ ಬಿಸಿನೀರು, ಬಾಚಣಿಗೆ, ಒಣ ಬಟ್ಟೆ ಸಾಕು ಎಂದರು. ಎರಡೂ ಮರಿಗಳಿಗೆ ಜಂತಿನ ಔಷಧವನ್ನು ತೂಕ ನೋಡಿ ಹನಿ ಲೆಕ್ಕದಲ್ಲಿ ನಾಲಗೆಗೆ ಬಿಟ್ಟರು. ಕಬ್ಬಿಣದ ಅಂಶದ ಹನಿ ಔಷಧ ಬೇರೆ ಕೊಟ್ಟರು. ಗಟ್ಟಿಮುಟ್ಟಾಗಿದ್ದ ಗಂಡು ಮರಿಗೆ ಅಷ್ಟು ಸಾಕು. ಚುಕ್ಕೆ ಮರಿಯ ಎದೆಗೆ ಕಿವಿಗೊಳವೆ ಹಚ್ಚಿ ಬಹಳ ಹೊತ್ತು ಕೇಳಿದರು.

"ಔಷಧ ಕೆಲಸ ಮಾಡೋಕೆ ದಿನ ಬೇಕು. ಇದಕ್ಕೆ ಅಷ್ಟು ದಿನ ಇಲ್ಲ. ರಕ್ತ ಕೊಡಬೇಕು."

"ನನ್ನದು ತಗಳ್ರಿ" ಎಂದು ಅತ್ತೆ ಬಳೆ ಹಿಂದಕ್ಕೆ ಸರಿಸಿ ಕೈ ಚಾಚಿದಳು. ಒಂದಿಷ್ಟೂ ತಮಾಷೆ ಇರಲಿಲ್ಲ ಅವಳ ಮುಖದಲ್ಲಿ.

ಡಾಕ್ಟರು ಮೊದಲ ಸಲ ನಕ್ಕರು. "ಮನುಷ್ಯರದ್ದು ಆಗಲ್ಲಮ್ಮಾ. ನಾಯಿದೇ ಬೇಕು. ತಾಯಿದು ಬೇಡ, ಅವಳೇ ಸೋತಿರ್ತಾಳೆ. ದೊಡ್ಡ, ಆರೋಗ್ಯವಾಗಿರೋ ನಾಯಿ ಯಾವುದಾದ್ರೂ ಐತಾ?"

ಅತ್ತೆಯೂ ನಾನೂ ಮುಖ ಮುಖ ನೋಡಿಕೊಂಡೆವು. ಇತ್ತು. ಬೇಲಿಯಾಚೆ.

ಹೊರಗೆ ಕಾದಿದ್ದ ಎಮ್ಮೆ ಮೇಕೆಗಳನ್ನು ನೋಡಿ ಮುಗಿಸಿ, ಡಾಕ್ಟರು ಸಾಮಾನು ಕಟ್ಟಿಕೊಂಡು ತಮ್ಮ ಬೈಕಿನಲ್ಲೇ ಮಧ್ಯಾಹ್ನ ಊರಿಗೆ ಬಂದರು. ಬಂದವರು ಮೊದಲು ಕೇಳಿದ್ದು, "ಮರಿ ಮಲಗೋದು ಎಲ್ಲಿ?" ಅತ್ತೆ ಪಡಸಾಲೆಯ ಮೂಲೆ ತೋರಿಸಿದಳು. ಡಾಕ್ಟರು ಕಂಬಳಿಯ ಮುಂದೆ ಮಂಡಿಯೂರಿ, ಒದ್ದೆ ಮಾಡಿದ ಹತ್ತಿಯನ್ನು ಅದರ ಮೇಲೆ ಒಮ್ಮೆ ಉದ್ದಕ್ಕೆ ಎಳೆದರು. ತಿರುಗಿಸಿದರೆ ಹತ್ತಿ ಪೂರ್ತಿ ಕೆಂಪು. ಇನ್ನೊಂದು ಉಂಡೆ ತೆಗೆದು ಬೇರೆ ಕಡೆ ಎಳೆದರು. ಅದೂ ಕೆಂಪು.

ಡಾಕ್ಟರು ಬೈಯಲಿಲ್ಲ. ಸತ್ತ ಎರಡು ಮರಿಗಳ ರಕ್ತ ಎಲ್ಲಿ ಹೋಗಿತ್ತು ಎಂಬುದು ಎಲ್ಲರ ಕಣ್ಣೆದುರೇ ಇತ್ತು. ಅತ್ತೆ ಗೋಡೆಗೆ ಕೈ ಕೊಟ್ಟು ನಿಂತಳು. "ನಮ್ಮವ್ವನ ಕಂಬಳಿ" ಎಂದಷ್ಟೇ ಹೇಳಿದಳು.

ಇನ್ನು ಓಬಳಪ್ಪನನ್ನು ಕೇಳಬೇಕಿತ್ತು. ನನ್ನನ್ನು ಕಳಿಸದೆ ಅತ್ತೆ ತಾನೇ ಬೇಲಿಯ ಹತ್ತಿರ ಹೋದಳು.

"ಓಬಳಪ್ಪಾ, ನಿನ್ನ ನಲ್ಲೋಡಿನ ರಕ್ತ ಬೇಕು."

"ದೇವುಡಾ! ನನ್ನ ನಾಯಿ ಏನು ಮಾಡಿತಕ್ಕಾ ನಿಂಗೆ?"

ವಿಷಯ ತಿಳಿದ ಮೇಲೆ ಅವನು ತಲೆ ಕೆರೆದುಕೊಂಡ. ಅವನ ಭಯವೂ ಸುಳ್ಳಲ್ಲ. ಅವನ ಕುರಿಗಳು ಈಯುವ ಕಾಲ. ಗುಡ್ಡದಲ್ಲಿ ತೋಳದ ಹೆಜ್ಜೆ ಕಂಡಿತ್ತು. "ರಕ್ತ ತೆಗೆದ್ರೆ ನನ್ನೋಡು ಸೊರಗಲ್ವಾ ಡಾಕ್ಟ್ರೇ? ಬೊಗಳೋಕೆ ಆಗ್ದಿದ್ರೆ ನಾನೇ ಬೊಗಳ್ಬೇಕಾ ರೊಪ್ಪದಾಗೆ?"

"ನೀನು ಈಗ್ಲೂ ಮಾಡ್ತಿರೋದು ಅದನ್ನೇ ಅಲ್ವೇನಲೇ" ಎಂದರು ಮಾವ.

ಡಾಕ್ಟರು ತಾಳ್ಮೆಯಿಂದ ತಿಳಿಸಿ ಹೇಳಿದರು. ಇಷ್ಟು ಸಣ್ಣ ಮರಿಗೆ ಬೇಕಾದದ್ದು ಸ್ವಲ್ಪವೇ. ನಲ್ಲೋಡಿನಂಥ ಮೈಗೆ ಅದು ಗೊತ್ತೇ ಆಗುವುದಿಲ್ಲ, ಕೆಲವೇ ದಿನದಲ್ಲಿ ತುಂಬಿಕೊಳ್ಳುತ್ತದೆ. ಓಬಳಪ್ಪ ರಕ್ತದ ಗುಂಪು ಗಿಂಪು ನೋಡಬೇಡವೇ ಎಂದೂ ಕೇಳಿದ, ತನ್ನ ತಂಗಿಯ ಹೆರಿಗೆಯಲ್ಲಿ ಆಸ್ಪತ್ರೆ ಅಲೆದವನು. "ನಾಯಿಗಳಲ್ಲೂ ಗುಂಪು ಐತೆ. ಆದ್ರೆ ಮೊದಲ ಸಲ ಕೊಡೋವಾಗ ಸಾಮಾನ್ಯವಾಗಿ ಒಗ್ಗುತ್ತೆ. ಎರಡನೇ ಸಲಕ್ಕೆ ನೋಡಲೇಬೇಕು" ಎಂದರು ಡಾಕ್ಟರು. ಓಬಳಪ್ಪ ಚುಕ್ಕೆ ಮರಿಯನ್ನು ನೋಡಿದ. ಅದು ಬಿಸಿನೀರಿನ ಬಾಟಲಿಗೆ ಒರಗಿ, ಬಾಯಿ ಅರ್ಧ ತೆರೆದು, ಹೊಟ್ಟೆಯಲ್ಲಿ ಉಸಿರು ಎಳೆಯುತ್ತಿತ್ತು. ಅವನು ಎದ್ದು ಹೋಗಿ ನಲ್ಲೋಡಿನ ಹಗ್ಗ ಹಿಡಿದು ತಂದ.

ಆ ನಾಯಿಯನ್ನು ನಾನು ಬೇಲಿಯ ಈಚೆ ನೋಡಿದ್ದು ಅದೇ ಮೊದಲು. ಡಾಕ್ಟರು ಅದರ ಒಸಡನ್ನೂ ನೋಡಿದರು, ಒಳ್ಳೇ ಗುಲಾಬಿ ಬಣ್ಣ. ಕಿವಿ, ಕಾಲ್ಬೆರಳ ಸಂದುಗಳಲ್ಲಿ ಉಣ್ಣೆ ಹುಳ ಹುಡುಕಿದರು. ಹುಚ್ಚುನಾಯಿ ಲಸಿಕೆ ಹಾಕಿಸಿದ್ದೀಯಾ ಎಂದು ಕೇಳಿದರು. ಕತ್ತಿನ ಒಂದು ಕಡೆ ಕೂದಲು ತೆಗೆದು ಸ್ಪಿರಿಟ್ ಒರೆಸಿದರು. ಓಬಳಪ್ಪ ನಾಯಿಯ ತಲೆಯನ್ನು ಎದೆಗೆ ಅವುಚಿಕೊಂಡು ಅದರ ಕಿವಿಯಲ್ಲಿ ತೆಲುಗಿನಲ್ಲಿ ಏನೇನೋ ಹೇಳುತ್ತಿದ್ದ. ಬೆದರಿಸುತ್ತಿದ್ದನೋ ಬೇಡಿಕೊಳ್ಳುತ್ತಿದ್ದನೋ. ಸೂಜಿ ಒಳಹೋದಾಗ ನಲ್ಲೋಡು ಗುರ್ರೆನ್ನಲಿಲ್ಲ. ತಿರುಗಿ ಬುಟ್ಟಿಯ ಕಡೆ ನೋಡಿತು. ಹೆಪ್ಪುಗಟ್ಟದಂತೆ ಔಷಧ ಎಳೆದಿಟ್ಟುಕೊಂಡ ಸಿರಿಂಜಿನೊಳಕ್ಕೆ ಗಾಢ ಕೆಂಪು ಏರಿತು.

ಮರಿಯಲ್ಲಿ ರಕ್ತನಾಳವೇ ಸಿಗಲಿಲ್ಲ. ದಾರದ ಎಳೆಯಷ್ಟು ಸಣ್ಣದು, ಅದೂ ಬತ್ತಿತ್ತು. ಡಾಕ್ಟರು ಅದರ ತೊಡೆಯನ್ನು ಬೆರಳಲ್ಲಿ ತಡವಿ ತಡವಿ, ಸೂಜಿಯನ್ನು ಎಲುಬಿನೊಳಕ್ಕೇ ಇಳಿಸಿದರು.

"ಎಲುಬಿಗಾ?" ಎಂದರು ಮಾವ, ಬಾಯಿ ತೆರೆದು.

"ಎಲುಬಿನ ಒಳಗೇ ರಕ್ತ ಹುಟ್ಟೋದು. ಅಲ್ಲಿ ಬಿಟ್ರೆ ಮೈಗೆಲ್ಲ ದಾರಿ ಗೊತ್ತು ಅದಕ್ಕೆ."

ಆಮೇಲೆ ಅವರು ಸಿರಿಂಜನ್ನು ಒತ್ತಿದ್ದು ಎಷ್ಟು ನಿಧಾನವೆಂದರೆ, ಕೈ ಅಲುಗಾಡುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ನಡುನಡುವೆ ನಿಲ್ಲಿಸಿ ಎದೆಬಡಿತ ಕೇಳುತ್ತಿದ್ದರು. ಹೊರಗೆ ಗಾಳಿ ತಗಡನ್ನು ಬಡಿಯುತ್ತಿತ್ತು. ಒಕ್ಕಬೇಕಾದ ಶೇಂಗಾ ಅಂಗಳದಲ್ಲಿ ಹಾಗೇ ಬಿದ್ದಿತ್ತು, ಕೋಳಿಗಳು ಕೆದಕುತ್ತಿದ್ದವು, ಓಡಿಸುವವರಿರಲಿಲ್ಲ. ಬೂದಿಯನ್ನು ಕಂಬಕ್ಕೆ ಕಟ್ಟಿದ್ದೆವು. ಅದು ತನ್ನ ವೈರಿ ತನ್ನ ಮನೆಯೊಳಗೆ ತನ್ನ ಮರಿಯ ಪಕ್ಕ ಮಲಗಿರುವುದನ್ನು ನೋಡುತ್ತಾ, ಒಂದು ಸಲವೂ ಬೊಗಳದೆ ನಿಂತಿತ್ತು. ಅದಕ್ಕೇನು ಅರ್ಥವಾಗಿತ್ತೋ ನಾನರಿಯೆ.

"ಈಗ ನೋಡ್ರಿ" ಎಂದು ಡಾಕ್ಟರು ಮರಿಯ ತುಟಿ ಎತ್ತಿದರು.

ಸುಣ್ಣದ ಗೋಡೆಯ ಮೇಲೆ ಬೆಳಗಿನ ಬಿಸಿಲು ಬೀಳುವ ಹೊತ್ತಿಗೆ ಒಂದು ಬಣ್ಣ ಬರುತ್ತದಲ್ಲ, ಇದೆಯೋ ಇಲ್ಲವೋ ಎಂಬಂಥದ್ದು, ಅದು ಬಂದಿತ್ತು. ನಾವು ನೋಡುತ್ತಿದ್ದಂತೆ ಗಟ್ಟಿಯಾಯಿತು. ನಾಲಗೆಯ ತುದಿ ಗುಲಾಬಿಯಾಯಿತು. ಹೊಟ್ಟೆಯಲ್ಲಿ ಎಳೆಯುತ್ತಿದ್ದ ಉಸಿರು ಎದೆಗೆ ಬಂತು. ಕಣ್ಣು ಬಿಟ್ಟಿತು. ಡಾಕ್ಟರ ಬೆರಳನ್ನು ಬಾಯೊಳಗೆ ಎಳೆದುಕೊಂಡು ಚೀಪತೊಡಗಿತು. ಆ ಚಪ್ಪರಿಕೆಯ ಸದ್ದು ಪಡಸಾಲೆಯ ತುಂಬ ಕೇಳಿತು. ಮಾವ ಟವೆಲಿನಿಂದ ಮುಖ ಒರೆಸಿಕೊಂಡರು. ನಾನು ಇವತ್ತಿಗೂ ಅಂಥ ದೊಡ್ಡ ಸಂಗತಿಗಳನ್ನೇನೂ ಕಂಡವಳಲ್ಲ, ಆದರೆ ಆ ಬಣ್ಣ ಬಂದದ್ದನ್ನು ಕಂಡಿದ್ದೇನೆ.

ಅತ್ತೆ ಯಾರಿಗೂ ಹೇಳದೆ ಎದ್ದು ಹೋಗಿದ್ದಳು. ಹಿತ್ತಲಲ್ಲಿ ಹಂಡೆಯ ಕೆಳಗೆ ಉರಿ ಎದ್ದಿತ್ತು. ಕಂಬಳಿಯನ್ನು ತಾನೇ ಹೊತ್ತು ತಂದು, ಕುದಿಯುವ ನೀರಿಗೆ ಕೋಲಿನಿಂದ ಅದುಮುತ್ತಿದ್ದಳು. ನೀರು ಮಣ್ಣಿನ ಬಣ್ಣಕ್ಕೆ ತಿರುಗಿ, ಆಮೇಲೆ ಬೇರೆಯದೇ ಬಣ್ಣಕ್ಕೆ ತಿರುಗಿತು. ಹಸಿ ಉಣ್ಣೆಯ ವಾಸನೆ ಅಂಗಳ ದಾಟಿ ರೊಪ್ಪದವರೆಗೂ ಹೋಯಿತು. ನಾನು ಕೈ ಹಾಕಲು ಹೋದರೆ, "ಬ್ಯಾಡ. ಇದು ನಾನೇ ಮಾಡ್ಬೇಕು" ಎಂದಳು. ಕುದಿದ ಕಂಬಳಿ ಮುದುಡಿ ಅರ್ಧಕ್ಕರ್ಧ ಆಯಿತು. ಮೂರು ತಲೆಮಾರಿನ ಬಾಣಂತಿಯರು ಮಲಗಿದ್ದ ಕಂಬಳಿಯ ಮೇಲೆ ಇನ್ನು ಒಂದು ಕೂಸನ್ನಷ್ಟೇ ಮಲಗಿಸಬಹುದಿತ್ತು. ಅದನ್ನು ಹಗ್ಗಕ್ಕೆ ಹಾಕಿ ಸೆಟೆದು ನಿಂತ ಅತ್ತೆ, "ಮೈಲಿಗೆ ಇಲ್ಲ ನಿಜ. ಚಿಗಟ ಐತೆ" ಎಂದಳು.

ಆಮೇಲಿನ ದಿನಗಳು ಬಾಚಣಿಗೆಯ ದಿನಗಳು. ಸಗಣಿ ನೆಲ ಗುಡಿಸಿ, ಹಾಸುವುದಕ್ಕೆ ಹಳೆಯ ಸೀರೆ, ದಿನವೂ ಕುದಿಸಿ ಒಣಗಿಸಿದ್ದು. ಬಿಸಿಲು ಏರಿದ ಮೇಲೆ ಅತ್ತೆ ಮರಿಗಳಿಗೆ ಸೋಪು ಹಚ್ಚಿ ಎರೆದು, ಒರೆಸಿ, ಚಿಗಟವನ್ನು ಬಾಚಿ ಬಾಚಿ ಸೋಪಿನ ನೀರಿನ ಬಟ್ಟಲಿಗೆ ಹಾಕುವಳು. ಒಂದೊಂದು ಮುಳುಗಿದಾಗಲೂ ಅದರ ವಂಶವನ್ನೆಲ್ಲ ಬೈಯುವಳು. ಡಾಕ್ಟರು ಹೇಳಿದ ದಿನಕ್ಕೆ ಜಂತಿನ ಔಷಧ ಮತ್ತೆ ಕೊಟ್ಟೆವು, ಬೂದಿಗೂ. ಬೂದಿಗೆ ಮೊಟ್ಟೆ, ಕುರಿಯ ಈಲಿ, ಎಂದರೆ ಲಿವರ್. ದಿನಕ್ಕೆ ಎರಡು ಸಲ ಮನೆಯವರೆಲ್ಲ ಸುತ್ತ ಸೇರಿ ಮರಿಯ ತುಟಿ ಎತ್ತಿ ನೋಡುವುದು ಒಂದು ಪೂಜೆಯ ಹಾಗೇ ಆಗಿಹೋಯಿತು. ಚುಕ್ಕೆ ಮರಿಗೆ ಅತ್ತೆ ಕೆಂಪಿ ಎಂದು ಹೆಸರಿಟ್ಟಳು. ಅದರ ಮೈಯಲ್ಲಿ ಕೆಂಪಿನ ಒಂದು ಕೂದಲೂ ಇರಲಿಲ್ಲ.

ಗಿರಣಿ ಮತ್ತೆ ಶುರುವಾಗಿ ನಾನು ಚಳ್ಳಕೆರೆಗೆ ಮರಳಿದೆ. ಮರುವರ್ಷದ ಶೇಂಗಾಕ್ಕೆ ಹೋದಾಗ ರೊಪ್ಪದ ಬಾಗಿಲಲ್ಲಿ ಕೆಂಪಿ ಇತ್ತು. ನನ್ನ ಸ್ಕೂಟರನ್ನು ಒಳಗೆ ಬಿಡಲೇ ಇಲ್ಲ. ಬೊಗಳುವಾಗ ಅದರ ಬಾಯಿಯನ್ನೇ ನೋಡುತ್ತ ನಿಂತೆ, ಎಂಥಾ ಕೆಂಪು!

ಆ ಸಂಜೆ ಓಬಳಪ್ಪ ಬಂದು ಜಗಲಿಯಲ್ಲಿ ಕೂತು, ಬಹಳ ನಾಜೂಕಾಗಿ ಮಾತು ತೆಗೆದ. "ಅಕ್ಕಾ, ನಿಮ್ಮ ಕೆಂಪಿ ಬೆದೆಗೆ ಬಂದಂಗೈತೆ. ನಮ್ಮ ನಲ್ಲೋಡು ಅವ್ನೆ. ಇಬ್ಬರ ಮರಿ ಆದ್ರೆ ಒಂದು ನಿಂಗೆ, ಒಂದು ನಂಗೆ. ಏಮಂಟಾವು, ಏನಂತೀಯ?"

ಅತ್ತೆ ಶೇಂಗಾ ಬಿಡಿಸುವುದನ್ನು ನಿಲ್ಲಿಸಿದಳು.

"ತೂ, ಏನಂತ ಆಡ್ತೀಯಲೇ ಓಬಳ? ಅವನ ರಕ್ತ ಅವಳ ಮೈಯಾಗೆ ಹರೀತೈತೆ. ಅಪ್ಪ ಆಗ್ಬೇಕು ಅವಳಿಗೆ!"

ಓಬಳಪ್ಪ ಡಾಕ್ಟರ ಹೆಸರು ಎತ್ತಿದ, ಆ ರಕ್ತ ಆಗಲೇ ಸವೆದು ಹೋಗಿರುತ್ತದೆ ಎಂದ. ಅತ್ತೆ ಕೇಳಲಿಲ್ಲ. ಕೊನೆಗೆ ಕೆಂಪಿಗೆ ತಳಕಿನ ಕಡೆಯಿಂದ ಗಂಡು ಗೊತ್ತಾಯಿತು. ಮಾವ ಆ ಗಂಡುನಾಯಿಯನ್ನು ಕರೆತಂದ ದಿನ ಅತ್ತೆ ಒಂದು ತಟ್ಟೆ ಬಿಸಿ ಮುದ್ದೆ ಹಿಡಿದು ಬೇಲಿ ದಾಟಿ ಹೋಗಿ, ನಲ್ಲೋಡಿನ ಮುಂದೆ ಇಟ್ಟು, ಅದು ತಿನ್ನುವವರೆಗೂ ಕಾದು ನಿಂತಳು.

"ಹೆಣ್ಣಿನ ಅಪ್ಪನಿಗೆ ಒಂದು ಮಾತು ಹೇಳ್ದೆ ಹೆಂಗೆ ಮಾಡೋದವ್ವ" ಎಂದಳು ನನಗೆ.